ಪೀಣ್ಯದ ಹಳೇ ಲ್ಯಾಪ್‌ಟಾಪ್‌ಗೆ ಮರುಹುಟ್ಟು!

ಆನ್ ಆಗೇಬಿಟ್ಟಿತು! ಪವರ್ ಬಟನ್ ಒತ್ತಿ ಅರ್ಧ ನಿಮಿಷ ಕಳೆದಿತ್ತೋ ಇಲ್ಲವೋ, ಡೆಸ್ಕ್‌ಟಾಪ್ ಕಣ್ಣೆದುರಿಗಿತ್ತು. ಆನ್ ಮಾಡಿಟ್ಟು ಟೀ ಕುಡಿದು ಬಂದರೂ ಪೂರ್ತಿ ತೆರೆದುಕೊಳ್ಳದಿದ್ದ ಲ್ಯಾಪ್‌ಟಾಪ್ ಅದೇನಾ?

ಜಾಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಶೆಡ್. ಒಂದು ಕಡೆ ಪವರ್ ಪ್ರೆಸ್ ಧಡ್ ಧಡ್ ಎಂದು ಬಡಿಯುತ್ತಿತ್ತು, ಇನ್ನೊಂದು ಕಡೆ ಸಿಎನ್‌ಸಿ ಲೇತ್ ಉಕ್ಕಿನ ಸುರುಳಿ ಉದುರಿಸುತ್ತಿತ್ತು. ಆ ಲೇತ್‌ಗೆ ಪ್ರೋಗ್ರಾಂ ಕಳಿಸುವುದು ಈ ಲ್ಯಾಪ್‌ಟಾಪಿನ ಸೀರಿಯಲ್ ಪೋರ್ಟ್ ಮೂಲಕ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಕಾಣಸಿಗುವುದೇ ಅಪರೂಪ. ಅದಕ್ಕೇ ಎಸೆಯಲೂ ಮನಸ್ಸಿಲ್ಲ, ಬಳಸಲೂ ತಾಳ್ಮೆಯಿಲ್ಲ. ರಿಪೇರಿ ಹುಡುಗ ಬಂದ. ತಳದ ಸ್ಕ್ರೂ ಬಿಚ್ಚಿ, ಅಂಗೈ ಅಗಲದ ಹಾರ್ಡ್ ಡಿಸ್ಕನ್ನು ಹೊರಗೆಳೆದು, ಅದೇ ಅಳತೆಯ, ಅದರ ಅರ್ಧದಷ್ಟೂ ತೂಕವಿಲ್ಲದ ಎಸ್‌ಎಸ್‌ಡಿಯನ್ನು (ಸಾಲಿಡ್ ಸ್ಟೇಟ್ ಡ್ರೈವ್) ಅದೇ ಜಾಗಕ್ಕೆ ತಳ್ಳಿದ. ಟಕ್ ಎಂದು ಕೂತಿತು. ಅಷ್ಟೇ! ಪ್ರೊಸೆಸರ್ ಅದೇ, ಸ್ಕ್ರೀನ್ ಅದೇ, ಸವೆದ ಕೀಲಿಮಣೆಯೂ ಅದೇ.

ಹಾಗಾದರೆ ಇಷ್ಟು ವರ್ಷ ಒಳಗೆ ನಡೆಯುತ್ತಿದ್ದುದೇನು? ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ನಮಗೆ ಅದು ಮಹಾವೇಗ. ಆದರೆ 2.4 ಗಿಗಾಹರ್ಟ್ಸ್ ಪ್ರೊಸೆಸರ್‌ನ ಗಡಿಯಾರ ಆ ಒಂದೇ ಸುತ್ತಿನ ಅವಧಿಯಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಬಾರಿ ಮಿಡಿದಿರುತ್ತದೆ! ಬೇಕಾದ ಮಾಹಿತಿ ತಟ್ಟೆಯ ಮೇಲೆ ತಿರುಗಿಕೊಂಡು ಬರುವವರೆಗೆ ಪ್ರೊಸೆಸರ್ ಕಾಯಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ರೇಸ್ ಕಾರಿನ ಪಾಡು. ಕಂಪ್ಯೂಟರ್ ಶುರುವಾಗಲು ಸಾವಿರಾರು ಸಣ್ಣ ಫೈಲುಗಳು ಬೇಕು. ಅಲ್ಲಲ್ಲಿ ಚದುರಿದ ಅಂಥ ಚೂರುಗಳನ್ನು ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸು ಹುಡುಕಿ ಕೊಟ್ಟರೆ, ಸಾಧಾರಣ ಎಸ್‌ಎಸ್‌ಡಿ ಹತ್ತಾರು ಸಾವಿರ ಕೊಡುತ್ತದೆ!

ಪೀಣ್ಯದಂಥ ಕಡೆ ಇನ್ನೊಂದು ಕಂಟಕವಿದೆ: ಅದುರುವಿಕೆ. ಹಾರ್ಡ್ ಡಿಸ್ಕಿನ ಓದುವ ತಲೆ ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಇಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಮುಂದೆ ನಿಂತು ಗಟ್ಟಿಯಾಗಿ ಕಿರುಚಿ ತೋರಿಸಿದರು. ಕಿರುಚಿದ ಕ್ಷಣವೇ ಡಿಸ್ಕುಗಳು ತಡವರಿಸಿದ್ದು ಗ್ರಾಫಿನಲ್ಲಿ ಮೂಡಿತು. ಬರೀ ದನಿಗೇ ಹೀಗಾದರೆ, ಪವರ್ ಪ್ರೆಸ್ಸಿನ ಪಕ್ಕ ಕೂತ ಡಿಸ್ಕಿನ ಗತಿ?

ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ತೇಲುವುದೂ ಇಲ್ಲ. ಅದರ ಒಂದೊಂದು ಕೋಶದಲ್ಲೂ ಎಲೆಕ್ಟ್ರಾನ್‌ಗಳು ಬಂದಿಗಳು. ಬರೆಯುವಾಗ ಅವು ವಿದ್ಯುತ್ ಹರಿಯಗೊಡದ ತೆಳು ಗೋಡೆಯನ್ನು ಕ್ವಾಂಟಂ ನಿಯಮದ ಪ್ರಕಾರ ತೂರಿ ಒಳಸೇರುತ್ತವೆ. ಕರೆಂಟ್ ಹೋದರೂ ಅಲ್ಲೇ ಉಳಿಯುತ್ತವೆ. ನ್ಯಾಂಡ್ ಫ್ಲ್ಯಾಶ್ ಎಂಬ ಈ ಮೆಮೊರಿಯನ್ನು 1987ರಲ್ಲಿ ಜಗತ್ತಿನ ಮುಂದಿಟ್ಟವರು ತೋಷಿಬಾದ ಫುಜಿಯೊ ಮಸುವೊಕಾ ಮತ್ತು ಅವರ ತಂಡ. 1991ರಲ್ಲಿ ಸನ್‌ಡಿಸ್ಕ್, ಅಂದರೆ ಇಂದಿನ ಸ್ಯಾನ್‌ಡಿಸ್ಕ್, ಐಬಿಎಂಗಾಗಿ ಮಾಡಿದ ಫ್ಲ್ಯಾಶ್ ಎಸ್‌ಎಸ್‌ಡಿಯ ಸಾಮರ್ಥ್ಯ ಬರೀ 20 ಎಂಬಿ, ಬೆಲೆ ಸುಮಾರು 1000 ಡಾಲರ್! ಆ ಕಂಪನಿಯ ಸ್ಥಾಪಕರಲ್ಲೊಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಇಂದು 256 ಜಿಬಿಯ ಎಸ್‌ಎಸ್‌ಡಿಯಲ್ಲಿ ಆ 20 ಎಂಬಿಯ ಹನ್ನೆರಡು ಸಾವಿರ ಪಟ್ಟಿಗೂ ಹೆಚ್ಚು ಜಾಗ. ಅದು ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ, ಹೊಸ ಲ್ಯಾಪ್‌ಟಾಪ್ ಬೆಲೆಯ ಸಣ್ಣದೊಂದು ಪಾಲಿಗೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಕೆಲವೇ ವರ್ಷ ಬಳಸಿ ಬಿಡುವ ಲ್ಯಾಪ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ.  ಬೆಂಗಳೂರಿನ ಎಲೆಕ್ಟ್ರಾನಿಕ್ ಕಸ ಒಡೆಯಲು ಪೀಣ್ಯದಾಚೆ, ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಘಟಕ ಶುರುವಾಯಿತು. ನಿಜವಾಗಿ ಸತ್ತ ಯಂತ್ರಗಳು ಅಂಥಲ್ಲಿಗೇ ಹೋಗಲಿ. ಆದರೆ ಬರೀ ಡಿಸ್ಕಿಗಾಗಿ ಕಾಯುತ್ತ ಕೂತ ಯಂತ್ರ ಯಾಕೆ ಹೋಗಬೇಕು?

ಮಾಡುವುದು ಸುಲಭ. ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು 2.5 ಇಂಚಿನ ಸಾಟಾ ಡಿಸ್ಕೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮುಖ್ಯ ಫೈಲುಗಳನ್ನು ಬೇರೆಡೆ ಉಳಿಸಿಕೊಳ್ಳಿ. ಯುಎಸ್‌ಬಿ ಕೇಬಲ್ಲಿನಲ್ಲಿ ಎಸ್‌ಎಸ್‌ಡಿ ಜೋಡಿಸಿ ಹಳೆಯದನ್ನು ಹಾಗೇ ಕ್ಲೋನ್ ಮಾಡಬಹುದು. ರ‍್ಯಾಮ್ 4 ಜಿಬಿಗಿಂತ ಕಡಿಮೆಯಿದ್ದರೆ ಅದನ್ನೂ ಹೆಚ್ಚಿಸಿ. ಭಾರೀ ವಿಡಿಯೋ ಎಡಿಟಿಂಗ್‌ಗೆ ಇದರಿಂದ ಹೆಚ್ಚೇನೂ ಲಾಭವಿಲ್ಲ. ಪತ್ರ, ಲೆಕ್ಕ, ಇಂಟರ್ನೆಟ್, ಮಕ್ಕಳ ಓದಿಗೆ ಧಾರಾಳ ಸಾಕು. ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅದರ ಡಿಸ್ಕ್ ಬದಲಿಸಿ ನೋಡಿ. ನಿಮಗೆ ಬೇಡವಾದರೆ, ಓದುವ ಮಗುವೊಂದಕ್ಕೆ ಕೊಡಿ.