ವಡಬೆಯ ಅಂಡಾಶಯದಲ್ಲಿ ರಕ್ತಪ್ರವಾಹ

ಕರ್ಣಾಟಕದಲ್ಲಿ ಅಶ್ವಶಾಸ್ತ್ರದ ವ್ಯಾಸಂಗವು ಪ್ರಾಚೀನವಾದುದು. ಮೈಸೂರಿನ ಚಾಮರಾಜ ಒಡೆಯರ (1617–1637) ಕಾಲದಲ್ಲಿ ರಾಮಚಂದ್ರನು ಅಶ್ವಶಾಸ್ತ್ರವನ್ನೂ ಪದ್ಮಣಪಂಡಿತನು ಹಯಸಾರಸಮುಚ್ಚಯವನ್ನೂ ರಚಿಸಿದರು. ಇಂದು ಆ ವಿದ್ಯೆಗೆ ಬೆಂಗಳೂರಿನ ಉತ್ತರಭಾಗದ ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯ ಮಹಾವಿದ್ಯಾಲಯವು ಒಂದು ನೆಲೆಯಾಗಿದೆ. ವಡಬಾನಲ ಶಬ್ದದಿಂದ ಸಾಹಿತ್ಯಾಭ್ಯಾಸಿಗಳಿಗೆ ಪರಿಚಿತವಾದ ವಡಬೆಯ, ಎಂದರೆ ಹೆಣ್ಣುಕುದುರೆಯ, ಗರ್ಭಧಾರಣೆಯ ವಿಷಯದಲ್ಲಿ ಆಧುನಿಕರು ಕಂಡುಕೊಂಡ ತತ್ತ್ವವೊಂದು ವಿಚಾರಾರ್ಹವಾಗಿದೆ.

ವಡಬೆಯ ಋತುಚಕ್ರವು ಸುಮಾರು 21 ದಿನಗಳದು. ಅದರಲ್ಲಿ 5ರಿಂದ 7 ದಿನಗಳು ಬೆದೆಯ ಕಾಲ. ಬೆದೆಯು ಮುಗಿಯುವುದಕ್ಕೆ ಒಂದೆರಡು ದಿನ ಮುಂಚೆ ಅಂಡಾಶಯದಲ್ಲಿ ಬಲಿತ ಕೋಶವು ಒಡೆದು ಅಂಡವು ಹೊರಬೀಳುವುದು, ಇದೇ ಅಂಡೋತ್ಸರ್ಗ. ಇದನ್ನು ಪ್ರೇರಿಸುವ ಎಲ್.ಎಚ್. ಎಂಬ ಹಾರ್ಮೋನು ಹಸುವಿನಲ್ಲಿ ಅಂಡೋತ್ಸರ್ಗಕ್ಕೆ ಮೊದಲೇ ಶಿಖರವನ್ನು ಮುಟ್ಟಿದರೆ, ವಡಬೆಯಲ್ಲಿ ಅನೇಕ ದಿನ ಏರುತ್ತ ಹೋಗಿ ಅಂಡೋತ್ಸರ್ಗದ ಮರುದಿನದ ಸುಮಾರಿಗೆ ಪರಮಾವಧಿಯನ್ನು ಹೊಂದುವುದು.

ಒಡೆದ ಕೋಶವು ವ್ಯರ್ಥವಾಗುವುದಿಲ್ಲ. ಅದರ ಸ್ಥಾನದಲ್ಲಿ ಪೀತಪಿಂಡವೆಂಬ ಗ್ರಂಥಿಯು ಹುಟ್ಟಿ, ಗರ್ಭರಕ್ಷಕವಾದ ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇದಕ್ಕೆ ಮೂಲದ್ರವ್ಯವಾದ ಕೊಲೆಸ್ಟರಾಲನ್ನು ತರುವುದೂ, ಸಿದ್ಧವಾದ ಹಾರ್ಮೋನನ್ನು ಗರ್ಭಾಶಯಕ್ಕೆ ಒಯ್ಯುವುದೂ ರಕ್ತವೇ. ಆದುದರಿಂದ ಹೊಸ ರಕ್ತನಾಳಗಳು ಪೀತಪಿಂಡದೊಳಕ್ಕೆ ಬೇಗನೆ ಹಬ್ಬುತ್ತವೆ; ಮೊದಲ ವಾರದಲ್ಲಿ ರಕ್ತಪ್ರವಾಹವೂ ಪ್ರೊಜೆಸ್ಟರೋನೂ ಕೂಡಿಯೇ ಏರುತ್ತವೆ.

ಗರ್ಭವು ನಿಲ್ಲದಿದ್ದರೆ 14–15ನೆಯ ದಿನದ ಹೊತ್ತಿಗೆ ಗರ್ಭಾಶಯವು ಪ್ರೋಸ್ಟಗ್ಲ್ಯಾಂಡಿನ್ ಎಂಬ ದ್ರವ್ಯವನ್ನು ಬಿಡುವುದು. ಅದರಿಂದ ಪೀತಪಿಂಡವು ಕ್ಷಯಿಸಿ ಮತ್ತೊಂದು ಬೆದೆಗೆ ದಾರಿಯಾಗುವುದು. ಭ್ರೂಣವಿದ್ದರೆ ಅದು ಸುಮಾರು 16ನೆಯ ದಿನದವರೆಗೆ ಗರ್ಭಾಶಯದಲ್ಲೆಲ್ಲ ಸಂಚರಿಸುತ್ತ ತನ್ನ ಇರವನ್ನು ತಿಳಿಸಿ, ಆ ದ್ರವ್ಯವನ್ನು ತಡೆದು, ಪೀತಪಿಂಡವನ್ನು ಉಳಿಸಿಕೊಳ್ಳುತ್ತದೆ.

ಕ್ರಿಸ್ಟಿಯನ್ ಡಾಪ್ಲರನು 1842ರಲ್ಲಿ ಪ್ರತಿಪಾದಿಸಿದ ತತ್ತ್ವವನ್ನು ಆಶ್ರಯಿಸಿದ ಅಲ್ಟ್ರಾಸೌಂಡ್ ಯಂತ್ರವು ಈ ರಕ್ತದ ಚಲನೆಯನ್ನು ವರ್ಣಗಳಾಗಿ ತೋರಿಸುತ್ತದೆ. ಪಿಂಡದ ಗಾತ್ರವನ್ನು ಮಾತ್ರ ಅಳೆಯುವ ವೈದ್ಯನು ಭ್ರಮಿಸುವ ಸಂಭವವುಂಟು. ಏಕೆಂದರೆ ಆಕಾರವು ಕುಗ್ಗುವುದಕ್ಕೆ ಮೊದಲೇ ಕಾರ್ಯವು ಕುಂದಿರಬಹುದು. ಇಲ್ಲಿ ಪರಿಮಾಣಕ್ಕಿಂತ ಪ್ರವಾಹವೇ ಬಲವತ್ತರವಾದ ಪ್ರಮಾಣ.

ವಡಬೆಯು ಸುಮಾರು 11 ತಿಂಗಳು ಗರ್ಭವನ್ನು ಹೊರುತ್ತದೆ. ವರ್ಷಕ್ಕೆ ಒಂದು ಮರಿಗಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಒಂದು ಚಕ್ರವು ತಪ್ಪಿದರೆ ಮೂರು ವಾರಗಳು ಕಳೆಯುತ್ತವೆ. ಋತುಕಾಲವೇ ಮೀರಿದರೆ ವರ್ಷವೇ ನಷ್ಟವಾಗುತ್ತದೆ. ಬೆದೆಯ ಬಾಹ್ಯಲಕ್ಷಣಗಳು ಮರೆಯಾದ ಮೇಲೂ ಅಂಡಾಶಯವನ್ನು ಪರೀಕ್ಷಿಸಬೇಕೆಂಬ ವಿಧಿಗೆ ಇದೇ ಕಾರಣ.