ಎಂಟು ನಿಮಿಷದ ಮಂಟಪ

ರೂಢಿಯ ರಾಗತಾಳಗಳಿಗೆ ಒಗ್ಗದ ಸಂಗೀತ, ಕಂಡವರೆಲ್ಲ ಇದು ನಿಲ್ಲುವುದುಂಟೆ ಎಂದು ಕೇಳುವಂಥ ಕಟ್ಟಡ, ಭೂಮಿಯ ಆಕರ್ಷಣೆಯನ್ನು ಮೀರಿ ಹೊರಟ ಯಂತ್ರ, ಈ ಮೂರರಲ್ಲಿಯೂ ಏಕಕಾಲದಲ್ಲಿ ಮೋಹವಿಟ್ಟುಕೊಂಡವನನ್ನು ಕಂಡರೆ, ಪಾಪ, ಇವನ ಅಭಿರುಚಿ ಮೂರು ದಿಕ್ಕಿಗೆ ಚೆದುರಿಹೋಗಿದೆಯೆಂದು ಸ್ನೇಹಿತರು ಮರುಕಪಡುವುದು ಸಹಜವೇ ಸರಿ. ಆ ಮರುಕದಲ್ಲಿ ನನ್ನ ಪಾಲೂ ಸಾಕಷ್ಟು ನನಗೆ ಸಂದಿದೆ. ಮೂರಕ್ಕೂ ಇರುವ ನೆಂಟಸ್ತಿಕೆಯನ್ನು ತೋರಿಸೆಂದು ಯಾರಾದರೂ ಒತ್ತಾಯಿಸಿದಲ್ಲಿ ನಾನು ಮುಂದಿಡುವ ಸಾಕ್ಷ್ಯ ಒಂದೇ: 1958ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ನಡೆದ ವಿಶ್ವಪ್ರದರ್ಶನದಲ್ಲಿ ಕೆಲವೇ ತಿಂಗಳು ನಿಂತಿದ್ದು, ಮರುವರ್ಷದ ಜನವರಿಯಲ್ಲಿ ನೆಲಸಮವಾದ ಫಿಲಿಪ್ಸ್ ಮಂಟಪ.

ಎರಡನೆಯ ಮಹಾಯುದ್ಧ ಮುಗಿದ ತರುವಾಯ ಕೂಡಿದ ಮೊದಲ ದೊಡ್ಡ ವಿಶ್ವಪ್ರದರ್ಶನ ಅದು. ಆ ವರ್ಷದ ಏಪ್ರಿಲಿನಿಂದ ಅಕ್ಟೋಬರಿನವರೆಗೆ ನಾಲ್ಕು ಕೋಟಿಗೂ ಮಿಕ್ಕಿದ ಜನ ಅಲ್ಲಿಗೆ ಬಂದುಹೋದರು. ಕಬ್ಬಿಣದ ಸ್ಫಟಿಕದ ಒಂದು ಘಟಕವನ್ನು 16,500 ಕೋಟಿ ಪಟ್ಟು ಹಿಗ್ಗಿಸಿ, ಒಂಬತ್ತು ಗೋಲಗಳನ್ನು 102 ಮೀಟರ್ ಎತ್ತರಕ್ಕೆ ಪೋಣಿಸಿ ನಿಲ್ಲಿಸಿದ ಆಟೋಮಿಯಂ ಎಂಬ ವಿಚಿತ್ರ ಗೋಪುರ ಪ್ರದರ್ಶನದ ನಡುವೆ ನಿಂತಿತ್ತು, ಇಂದಿಗೂ ನಿಂತಿದೆ. ಸೋವಿಯತ್ ದೇಶದ ಭವನದಲ್ಲಿ ಸ್ಪುಟ್ನಿಕ್ ಉಪಗ್ರಹದ ಪ್ರತಿಕೃತಿಯನ್ನು ತೂಗುಹಾಕಿದ್ದರು. ಮೂಲ ಸ್ಪುಟ್ನಿಕ್ ಆಕಾಶಕ್ಕೇರಿದ್ದು 1957ರ ಅಕ್ಟೋಬರ್ 4ರಂದು. 58 ಸೆಂಟಿಮೀಟರ್ ವ್ಯಾಸದ, 84 ಕಿಲೋಗ್ರಾಮಿಗೂ ತುಸು ಕಡಮೆ ತೂಕದ ಆ ಗೋಲ ಭೂಮಿಯನ್ನು ಸುತ್ತುತ್ತ ಹೊರಡಿಸಿದ ಬೀಪ್ ಬೀಪ್ ಎಂಬ ಸದ್ದನ್ನು ಜಗತ್ತಿನ ಹವ್ಯಾಸಿ ರೇಡಿಯೊದವರು ತಮ್ಮ ಮನೆಗಳಲ್ಲಿಯೇ ಕುಳಿತು ಆಲಿಸಿದ್ದರು. ಪ್ರದರ್ಶನ ನಡೆಯುತ್ತಿರುವಾಗಲೇ, ಮೇ ತಿಂಗಳಿನಲ್ಲಿ, ಮೂರನೆಯ ಸ್ಪುಟ್ನಿಕ್ ಕೂಡ ಮೇಲೇರಿತು. ಇಂಥ ವಾತಾವರಣದಲ್ಲಿ ತಾನೂ ಏನಾದರೊಂದು ಹೊಸದನ್ನು ತೋರಿಸಬೇಕೆಂದು ಒಂದು ವಿದ್ಯುತ್ ಉಪಕರಣಗಳ ಕಂಪನಿ ಬಯಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಫಿಲಿಪ್ಸ್ ಎಂದರೆ ನಮ್ಮಲ್ಲಿ ಒಂದು ತಲೆಮಾರಿನವರಿಗೆ ಗೋಡೆಗೂಡಿನ ರೇಡಿಯೊ, ಇನ್ನೊಂದು ತಲೆಮಾರಿನವರಿಗೆ ಟ್ಯೂಬ್‌ಲೈಟು. ಆ ಡಚ್ ಕಂಪನಿಯ ಕಲಾನಿರ್ದೇಶಕನಾಗಿದ್ದ ಲೂಯಿ ಕಾಲ್ಫ್, ತಮ್ಮ ಬಲ್ಬು ರೇಡಿಯೊಗಳನ್ನು ಸಾಲಾಗಿ ಜೋಡಿಸಿಡುವ ಅಂಗಡಿಯಂಥ ಮಳಿಗೆ ಬೇಡ, ಬೆಳಕು ಮತ್ತು ಧ್ವನಿಗಳಿಂದ ಏನೇನು ಸಾಧ್ಯವೆಂಬುದನ್ನೇ ಜನಕ್ಕೆ ಕಾಣಿಸೋಣವೆಂದು ನಿಶ್ಚಯಿಸಿ, 1956ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಬಳಿಗೆ ಹೋದನು. ಮಾರುವ ಒಂದು ವಸ್ತುವನ್ನೂ ಪ್ರದರ್ಶಿಸದೆ ಮಂಟಪ ಕಟ್ಟಲು ಹಣ ಕೊಟ್ಟ ವ್ಯಾಪಾರಿಗಳು ಲೋಕದಲ್ಲಿ ವಿರಳ. ಅಷ್ಟು ಮಟ್ಟಿಗೆ ಆ ಕಂಪನಿಗೆ ನಾವು ಋಣಿಗಳು. ಕಾರ್ಬೂಸಿಯೆ ಆಗ ನಮ್ಮ ಚಂಡೀಗಢದ ನಿರ್ಮಾಣದಲ್ಲಿ ಮುಳುಗಿದ್ದವನು. ಮಂಟಪದ ಒಳಗೆ ನಡೆಯಬೇಕಾದ ದೃಶ್ಯವನ್ನು ತಾನು ನೋಡಿಕೊಳ್ಳುವೆನೆಂದು ಹೇಳಿ, ಮಂಟಪದ ಆಕಾರವನ್ನು ಗೊತ್ತುಪಡಿಸುವ ಹೊಣೆಯನ್ನು ತನ್ನ ಕಚೇರಿಯಲ್ಲಿದ್ದ ಒಬ್ಬ ಗ್ರೀಕ್ ಇಂಜಿನಿಯರನಿಗೆ ವಹಿಸಿ ಅವನು ಭಾರತಕ್ಕೆ ಹೊರಟುಹೋದನು. ಆ ಇಂಜಿನಿಯರನ ಹೆಸರು ಯಾನಿಸ್ ಝೆನಾಕಿಸ್.

ಝೆನಾಕಿಸನ ಜೀವನವೃತ್ತಾಂತ ಒಂದು ಕಾದಂಬರಿಗೆ ಸಾಲುವಷ್ಟಿದೆ. ರುಮೇನಿಯದಲ್ಲಿ ಗ್ರೀಕ್ ತಂದೆತಾಯಿಗಳಿಗೆ ಹುಟ್ಟಿ, ಅಥೆನ್ಸಿನಲ್ಲಿ ಇಂಜಿನಿಯರಿಂಗ್ ಓದುತ್ತ, ನಾಟ್ಸಿಗಳ ಆಕ್ರಮಣದ ವಿರುದ್ಧದ ಗುಪ್ತ ಹೋರಾಟಕ್ಕೆ ಸೇರಿ, ಅದು ಮುಗಿದೊಡನೆ ಆರಂಭವಾದ ಅಂತಃಕಲಹದಲ್ಲಿ ಬ್ರಿಟಿಷ್ ಟ್ಯಾಂಕೊಂದರ ಗುಂಡಿನ ಚೂರು ಬಡಿದು ಎಡಗಣ್ಣನ್ನು ಕಳೆದುಕೊಂಡು, ದೇಶದಲ್ಲಿ ಉಳಿದರೆ ಮರಣದಂಡನೆಯೆಂಬ ಸ್ಥಿತಿಯಲ್ಲಿ 1947ರಲ್ಲಿ ಪ್ಯಾರಿಸಿಗೆ ಓಡಿಬಂದ ಈ ತರುಣ, ಹಗಲೆಲ್ಲ ಕಾರ್ಬೂಸಿಯೆಯ ಕಚೇರಿಯಲ್ಲಿ ಕಾಂಕ್ರೀಟಿನ ಭಾರ ಲೆಕ್ಕ ಹಾಕುತ್ತಲೂ ರಾತ್ರಿಯೆಲ್ಲ ಸಂಗೀತ ಬರೆಯುತ್ತಲೂ ಇದ್ದನು. ಗಾಜಿನ ಫಲಕಗಳ ನಡುವಣ ಅಂತರವನ್ನು ಎಲ್ಲಿಯೂ ಒಂದೇ ಸಮನೆ ಇಡದೆ, ಲಯದಂತೆ ಹಿಗ್ಗಿ ಕುಗ್ಗುವ ಹಾಗೆ ಜೋಡಿಸುವ ಅವನ ಉಪಾಯವನ್ನು ಚಂಡೀಗಢದ ವಿಧಾನಸಭಾ ಭವನದಲ್ಲಿ ಇಂದಿಗೂ ಕಾಣಬಹುದು. ಹಗಲಿನ ಉದ್ಯೋಗ, ರಾತ್ರಿಯ ವ್ಯಸನ, ಇವೆರಡನ್ನು ಬೇರೆಬೇರೆಯಾಗಿ ಇಡಲು ಆ ಮನುಷ್ಯನಿಗೆ ಸಾಧ್ಯವಿರಲಿಲ್ಲವೆಂದು ತೋರುತ್ತದೆ.

1955ರಲ್ಲಿ ಜರ್ಮನಿಯ ಡೊನಾವೆಶಿಂಗೆನ್ ಎಂಬ ಊರಿನ ಉತ್ಸವದಲ್ಲಿ ಅವನ 'ಮೆಟಾಸ್ಟಾಸಿಸ್' ಎಂಬ ಕೃತಿಯನ್ನು ಮೊದಲ ಬಾರಿಗೆ ನುಡಿಸಿದಾಗ ಸಭೆಯಲ್ಲಿ ಗಲಭೆಯೇ ಎದ್ದಿತು. ಅರವತ್ತೊಂದು ಮಂದಿ ವಾದ್ಯಗಾರರು. ಪ್ರತಿಯೊಬ್ಬನಿಗೂ ಬೇರೆಯೇ ಪಾಠ. ಪಿಟೀಲು ಮೊದಲಾದ ತಂತಿವಾದ್ಯದವರೆಲ್ಲ ಒಂದೇ ಸ್ವರವನ್ನು ಹಿಡಿದು ಆರಂಭಿಸಿ, ಕ್ರಮೇಣ ಒಬ್ಬೊಬ್ಬರಾಗಿ, ತಮತಮಗೆ ಗೊತ್ತುಮಾಡಿದ ವೇಗದಲ್ಲಿ, ಕೆಲವರು ಮೇಲಕ್ಕೂ ಕೆಲವರು ಕೆಳಕ್ಕೂ ಜಾರುತ್ತ ಹೋಗುತ್ತಾರೆ. ಆಗ ಹುಟ್ಟುವ ನಾದರಾಶಿಯಲ್ಲಿ ಯಾವ ಒಂದು ಸ್ವರವನ್ನೂ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇಡೀ ಸದ್ದೇ ಮೈಮುರಿದು ಬೇರೊಂದಾಗುವುದು ಮಾತ್ರ ಕೇಳುತ್ತದೆ. ಪಾಶ್ಚಾತ್ಯ ಶ್ರೋತೃಗಳಿಗೆ ಇದು ಅಪಚಾರವಾಗಿ ಕಂಡಿತು. ಅವರ ಸಂಗೀತದಲ್ಲಿ ಸ್ವರಗಳು ಮೆಟ್ಟಿಲುಗಳು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೆಜ್ಜೆಯಿಡತಕ್ಕದ್ದು ಅಲ್ಲಿಯ ಮರ್ಯಾದೆ. ಗಮಕವನ್ನೇ ಉಸಿರಾಗಿಸಿಕೊಂಡ, ಜಾರು ಎಂಬುದನ್ನು ಗಾಯಕನ ಯೋಗ್ಯತೆಯ ಒಂದು ಒರೆಗಲ್ಲೆಂದು ಎಣಿಸುವ ನಮ್ಮ ಕಿವಿಗೆ ಆ ಜಾರುವಿಕೆ ಅಷ್ಟೇನೂ ಅಪರಿಚಿತವೆನಿಸಬಾರದು. ನಮ್ಮಲ್ಲಿ ಒಬ್ಬ ವೈಣಿಕ ಒಂದು ಸ್ವರವನ್ನು ಜಾರಿಸುವಲ್ಲಿ ಇಲ್ಲಿ ನಾಲ್ವತ್ತಾರು ತಂತಿವಾದ್ಯಗಳು ನಾಲ್ವತ್ತಾರು ಇಳಿಜಾರುಗಳಲ್ಲಿ ಒಟ್ಟಿಗೆ ಜಾರುತ್ತವೆಂಬುದಷ್ಟೆ ವ್ಯತ್ಯಾಸ. ಆ ವ್ಯತ್ಯಾಸ ಸಣ್ಣದಲ್ಲವೆಂಬುದನ್ನೂ ಒಪ್ಪತಕ್ಕದ್ದೇ.

ಈ ಜಾರುಸ್ವರಗಳನ್ನು ಝೆನಾಕಿಸ್ ಬರೆದುಕೊಂಡದ್ದು ಇಂಜಿನಿಯರರ ಗ್ರಾಫ್ ಕಾಗದದ ಮೇಲೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಶ್ರುತಿ. ಒಂದೊಂದು ವಾದ್ಯಕ್ಕೆ ಒಂದೊಂದು ನೇರವಾದ ಓರೆಗೆರೆ. ಗೆರೆಗಳೆಲ್ಲ ನೇರವಾದವೇ ಆದರೂ ಅವು ಒತ್ತೊತ್ತಾಗಿ ಒಂದನ್ನೊಂದು ಹಾಯ್ದುಹೋಗುವಲ್ಲಿ ಕಾಗದದ ಮೇಲೆ ಬಾಗಿದ ಅಂಚುಗಳು ತಾವಾಗಿಯೇ ಮೂಡಿದುವು. ಮಂಟಪದ ಕೆಲಸ ಕೈಗೆ ಬಂದಾಗ ಅವನಿಗೆ ನೆನಪಾದದ್ದು ಈ ಚಿತ್ರವೇ. ಸಂದೇಹವಿದ್ದವರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು: ಸಮ ಉದ್ದದ ಎರಡು ಕೋಲುಗಳನ್ನು ಎದುರುಬದುರಾಗಿ ಹಿಡಿದು, ಒಂದರಿಂದೊಂದಕ್ಕೆ ಸಮನಾದ ಅಂತರದಲ್ಲಿ ಎಲಾಸ್ಟಿಕ್ ದಾರಗಳನ್ನು ಬಿಗಿದು, ಬಳಿಕ ಒಂದು ಕೋಲನ್ನು ಮಾತ್ರ ಸ್ವಲ್ಪ ಓರೆಯಾಗಿ ತಿರುಗಿಸಿದರೆ, ಪ್ರತಿಯೊಂದು ದಾರವೂ ನೇರವಾಗಿಯೇ ಉಳಿದು, ದಾರಗಳೆಲ್ಲ ಕೂಡಿ ಆದ ಹಾಸು ಮಾತ್ರ ಕುದುರೆಯ ಜೀನಿನಂತೆ ಬಾಗಿಕೊಳ್ಳುತ್ತದೆ. ಗಣಿತಜ್ಞರು ಇದನ್ನು ಹೈಪರ್ಬಾಲಿಕ್ ಪ್ಯಾರಾಬಲಾಯ್ಡ್ ಎಂದು ಕರೆಯುತ್ತಾರೆ. ಇಂಥ ಹಾಸುಗಳನ್ನೇ ಒಂದಕ್ಕೊಂದು ಕೂಡಿಸಿ, ಗೋಡೆಯೆಲ್ಲಿ ಮುಗಿಯಿತು ಚಾವಣಿಯೆಲ್ಲಿ ಆರಂಭವಾಯಿತು ಎಂದು ಹೇಳಲಾಗದ, ಎತ್ತರಕ್ಕೆ ಮೂರು ಕೊಂಬುಗಳನ್ನು ಚಾಚಿದ ಡೇರೆಯಂಥ ಮಂಟಪವನ್ನು ಅವನು ರೂಪಿಸಿದನು. ನೆಲದ ಮೇಲೆ ಮರಳನ್ನು ಬೇಕಾದ ಬಾಗಿಗೆ ಒಟ್ಟಿ, ಅದರ ಮೇಲೆ ಕೇವಲ 5 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆಗಳನ್ನು ಎರಕ ಹೊಯ್ದು, ಆ ಹಲಗೆಗಳನ್ನು ಎತ್ತಿ ನಿಲ್ಲಿಸಿ, ಒಳಗೂ ಹೊರಗೂ ಉಕ್ಕಿನ ತಂತಿಗಳನ್ನು ಬಿಗಿಯಾಗಿ ಎಳೆದು ಹಿಡಿದಿಟ್ಟರು. ತಂತಿವಾದ್ಯಗಳಿಂದ ಹುಟ್ಟಿದ ಕಟ್ಟಡಕ್ಕೆ ಕೊನೆಗೆ ಆಧಾರವಾದದ್ದೂ ಶ್ರುತಿಗೊಳಿಸಿದ ತಂತಿಗಳೇ.

ಒಂದು ಸಲಕ್ಕೆ ಐನೂರು ಜನ ಒಳಹೋಗುತ್ತಿದ್ದರು. ಅವರು ಒಳಸೇರುವವರೆಗೆ ಕೇಳಿಸುತ್ತಿದ್ದುದು ಝೆನಾಕಿಸನದೇ ಒಂದು ಕಿರುರಚನೆ, 'ಕಾಂಕ್ರೆ ಪಿಎಚ್'. ಉರಿಯುತ್ತಿರುವ ಇದ್ದಿಲಿನ ಚಟಪಟ ಸದ್ದನ್ನು ಧ್ವನಿಮುದ್ರಿಸಿ, ಟೇಪನ್ನು ಚೂರುಚೂರಾಗಿ ಕತ್ತರಿಸಿ, ಮತ್ತೆ ಅಂಟಿಸಿ, ಒಂದರ ಮೇಲೊಂದು ಹೇರಿ ಮಾಡಿದ್ದು. ಬಳಿಕ ದೀಪ ಆರಿ ಎಂಟು ನಿಮಿಷದ ಪ್ರದರ್ಶನ. ಬಾಗಿದ ಗೋಡೆಗಳ ಮೇಲೆ ಬಣ್ಣದ ಬೆಳಕು, ಕಾರ್ಬೂಸಿಯೆ ಆರಿಸಿ ಜೋಡಿಸಿದ ಕಪ್ಪುಬಿಳುಪಿನ ಚಿತ್ರಗಳು, ಅವೆಲ್ಲಕ್ಕೂ ಮಿಗಿಲಾಗಿ ಎಡ್ಗಾರ್ ವಾರೆಝನ 'ಪೊಯೆಮ್ ಎಲೆಕ್ಟ್ರೊನಿಕ್'. ವಾರೆಝನಿಗೆ ಆಗ ಎಪ್ಪತ್ತನಾಲ್ಕು ವರ್ಷ. ಪ್ಯಾರಿಸಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲಸಿದ ಅವನು, ಹದಿಮೂರು ಮಂದಿ ತಾಳವಾದ್ಯದವರಿಗೆಂದೇ, ಸೈರನ್ನುಗಳನ್ನೂ ಸೇರಿಸಿ, 1931ರಲ್ಲಿಯೇ 'ಅಯೊನಿಜಾಸಿಯೊನ್' ಎಂಬ ಕೃತಿಯನ್ನು ಬರೆದವನು. ತನ್ನ ಮನಸ್ಸಿನಲ್ಲಿ ಕೇಳುವ ನಾದವನ್ನು ಹೊರಡಿಸಬಲ್ಲ ಯಂತ್ರವಿನ್ನೂ ಲೋಕದಲ್ಲಿ ಹುಟ್ಟಿಲ್ಲವೆಂದು ಹಲವು ವರ್ಷ ಕೃತಿರಚನೆಯನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದವನು. ಇಂಥವನನ್ನು ಕಂಡು ಕಂಪನಿಯವರು ಹೆದರಿ, ಸೌಮ್ಯನಾದ ಬೇರೊಬ್ಬ ಸಂಗೀತಗಾರನನ್ನು ಸೂಚಿಸಿದಾಗ, ವಾರೆಝ್ ಇಲ್ಲದಿದ್ದರೆ ತಾನೂ ಇಲ್ಲವೆಂದು ಕಾರ್ಬೂಸಿಯೆ ಹಟ ಹಿಡಿದನು. ಕಾರ್ಬೂಸಿಯೆಯ ಹಟಗಳಲ್ಲಿ ನಾನು ಮನಸಾರೆ ಮೆಚ್ಚುವುದು ಇದೊಂದನ್ನೇ.

ಐಂಡ್‌ಹೋವನ್ನಿನಲ್ಲಿದ್ದ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ತಿಂಗಳುಗಟ್ಟಲೆ ಕುಳಿತು ವಾರೆಝ್ ಸಿದ್ಧಪಡಿಸಿದ ಈ ಕೃತಿ ಮಂದ್ರದ ಘಂಟಾನಾದದಿಂದ ತೊಡಗಿ, ಯಂತ್ರಗಳ ಗರಗರ, ತಮಟೆಯ ಪೆಟ್ಟು, ಸೈರನ್ನಿನ ಕೂಗು, ಎಲ್ಲಿಂದಲೋ ತೇಲಿಬರುವ ಒಂಟಿ ಸ್ತ್ರೀಕಂಠ, ಇವುಗಳನ್ನೆಲ್ಲ ಹಾಯ್ದು, ಆಕಾಶಕ್ಕೆ ಚಿಮ್ಮಿದಂಥ ಒಂದು ಏರುಧ್ವನಿಯಲ್ಲಿ ಮುಗಿಯುತ್ತದೆ. ಗೋಡೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಧ್ವನಿವರ್ಧಕಗಳನ್ನು ಹುದುಗಿಸಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಳಸುವಂಥ ಸ್ವಿಚ್ಚುಗಳು ಧ್ವನಿಯನ್ನು ಒಂದರಿಂದ ಮತ್ತೊಂದಕ್ಕೆ ಹಸ್ತಾಂತರಿಸುತ್ತ ಹೋಗುತ್ತಿದ್ದುದರಿಂದ, ಸದ್ದು ಬಾಗಿಲ ಬಳಿ ಹುಟ್ಟಿ, ಗೋಡೆ ಹತ್ತಿ, ಕೊಂಬಿನ ತುದಿಯನ್ನು ಮುಟ್ಟಿ, ಕೇಳುವವರ ಬೆನ್ನ ಹಿಂದೆ ಇಳಿಯುತ್ತಿತ್ತು. ನಿಂತಲ್ಲಿ ನಿಂತ ಐನೂರು ಜನರ ತಲೆಯ ಮೇಲೆ ನಾದ ತನ್ನದೇ ಕಕ್ಷೆಯಲ್ಲಿ ಸಂಚರಿಸಿತು. ಅದೇ ಮೈದಾನದ ಮತ್ತೊಂದು ಭವನದಲ್ಲಿ ಸ್ಪುಟ್ನಿಕ್ಕಿನ ಪ್ರತಿಕೃತಿ ಅಲುಗಾಡದೆ ತೂಗುತ್ತಿತ್ತೆಂಬುದನ್ನು ನೆನೆದರೆ, ಆ ವರ್ಷ ಕಕ್ಷೆಯೆಂದರೇನೆಂಬುದನ್ನು ಜನಕ್ಕೆ ನಿಜವಾಗಿ ಅನುಭವಕ್ಕೆ ತಂದುಕೊಟ್ಟವನು ಈ ವೃದ್ಧ ಸಂಗೀತಗಾರನೇ ಎಂದು ನನಗೆ ಅನ್ನಿಸುವುದುಂಟು.

ಪ್ರದರ್ಶನದ ಎಲ್ಲ ಅಂಗಗಳೂ ಸಮನಾಗಿ ಬಾಳಿದುವೆಂದು ಹೇಳಲಾರೆ. ಮುಖವಾಡ, ಅಸ್ಥಿಪಂಜರ, ಅಣುಸ್ಫೋಟ, ಯುದ್ಧದ ಸೆರೆಶಿಬಿರ, ಕೊನೆಯಲ್ಲಿ ತನ್ನದೇ ಕಟ್ಟಡಗಳು, ಹೀಗೆ ಮನುಷ್ಯಕುಲದ ಚರಿತ್ರೆಯನ್ನೆಲ್ಲ ಎಂಟು ನಿಮಿಷಕ್ಕೆ ಅಡಕಮಾಡಹೊರಟ ಕಾರ್ಬೂಸಿಯೆಯ ಚಿತ್ರಮಾಲೆ ಇಂದು ಉಪದೇಶದಂತೆ ತೋರುತ್ತದೆ. ಚಿತ್ರಕ್ಕೂ ಸಂಗೀತಕ್ಕೂ ಹೊಂದಾಣಿಕೆ ಬೇಕಿಲ್ಲ, ಎರಡೂ ಸ್ವತಂತ್ರವಾಗಿ ಸಾಗಲಿ ಎಂದು ಅವನು ಬಿಟ್ಟದ್ದೇ ಒಳ್ಳೆಯದಾಯಿತು. ಅದರಿಂದ ಸಂಗೀತ ಚಿತ್ರದೊಡನೆ ಮುಪ್ಪಾಗದೆ ಉಳಿಯಿತು. ಕೀರ್ತಿಯ ಹಂಚಿಕೆಯೂ ಸುಗಮವಾಗಲಿಲ್ಲ. ಮಂಟಪದ ಕರ್ತೃವೆಂದು ಎಲ್ಲೆಲ್ಲಿಯೂ ಒಡೆಯನ ಹೆಸರೊಂದೇ ಕಾಣಿಸಿಕೊಂಡಾಗ ಝೆನಾಕಿಸ್ ಪ್ರತಿಭಟಿಸಿದನು. ಕಾರ್ಬೂಸಿಯೆ ತಡವಾಗಿಯಾದರೂ ಅವನ ಹೆಸರನ್ನು ತನ್ನದರ ಜತೆಗೆ ಸೇರಿಸಲೊಪ್ಪಿದನು. ಆದರೆ ಮನಸ್ಸು ಮುರಿದಿತ್ತು. 1959ರ ಜನವರಿ 30ರಂದು ಮಂಟಪವನ್ನು ಕೆಡವಿದರು. ಅದೇ ವರ್ಷ ಝೆನಾಕಿಸ್ ಆ ಕಚೇರಿಯಿಂದಲೂ ಹೊರಬಿದ್ದನು.

ಅಲ್ಲಿಂದ ಮುಂದೆ ಅವನು ಪೂರ್ಣಾವಧಿಯ ಸಂಗೀತಗಾರನಾದರೂ ಕಟ್ಟುವ ಚಟ ಬಿಡಲಿಲ್ಲ. 1978ರಲ್ಲಿ ಪ್ಯಾರಿಸಿನ ಪೊಂಪಿದು ಕೇಂದ್ರದ ಎದುರು, ಕೆಂಪು ಬಟ್ಟೆಯ ಚಾವಣಿಯಡಿಯಲ್ಲಿ ಲೇಸರ್ ಕಿರಣಗಳನ್ನು ಹಾಯಿಸಿ 'ಡಯಾಟೋಪ್' ಎಂಬ ಇನ್ನೊಂದು ಮಂಟಪವನ್ನು ನಿಲ್ಲಿಸಿದನು. ಅದರ ಜತೆಗೆ ಓದಲೆಂದು ಅವನು ಆರಿಸಿಕೊಟ್ಟ ಬರಹಗಳಲ್ಲಿ ಪ್ಲೇಟೊ ಮತ್ತು ಪಾಸ್ಕಲರ ಪಕ್ಕದಲ್ಲಿಯೇ ನಕ್ಷತ್ರಗಳ ಮಹಾಸ್ಫೋಟವನ್ನು ಕುರಿತ ಆಧುನಿಕ ಖಗೋಳಶಾಸ್ತ್ರದ ಲೇಖನವೊಂದೂ ಇತ್ತು.

ಜಾರುವ ಗೆರೆಯ ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಡಯಾಟೋಪಿಗೆ ಒಂದು ವರ್ಷ ಮುಂಚೆ, 1977ರಲ್ಲಿ, ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ಒಂದೊಂದು ಧ್ವನಿಮುದ್ರಿಕೆಯನ್ನು ಇಟ್ಟಿದ್ದಾರೆ. ಅದರಲ್ಲಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿಯಿದೆಯೆಂಬುದು ಬಹುಮಂದಿಗೆ ಗೊತ್ತು; ಐವತ್ತೈದು ಭಾಷೆಗಳ ಶುಭಾಶಯಗಳ ನಡುವೆ ಕನ್ನಡದ್ದೂ ಒಂದಿದೆಯೆಂಬುದನ್ನು ಅಭಿಮಾನದಿಂದ ಹೇಳಿಕೊಳ್ಳುವವರೂ ಇದ್ದಾರೆ. ಕಡಮೆ ಜನರ ಗಮನಕ್ಕೆ ಬಂದದ್ದು ಅದರಲ್ಲಿ ಅಡಗಿರುವ ಇನ್ನೊಂದು ತುಣುಕು. ಸೂರ್ಯನಿಗೆ ಸಮೀಪಿಸಿದಾಗ ಗ್ರಹದ ವೇಗ ಹೆಚ್ಚುತ್ತದೆ, ದೂರ ಸರಿದಾಗ ತಗ್ಗುತ್ತದೆ; ಈ ಏರಿಳಿತಕ್ಕೆ ಸರಿಯಾಗಿ ಒಂದೊಂದು ಗ್ರಹಕ್ಕೂ ಒಂದೊಂದು ಸ್ವರಸಂಚಾರವಿದೆಯೆಂದು 1619ರ ತನ್ನ ಗ್ರಂಥದಲ್ಲಿ ಖಗೋಳಶಾಸ್ತ್ರಜ್ಞ ಕೆಪ್ಲರ್ ಲೆಕ್ಕ ಹಾಕಿದ್ದನು. ಸುಮಾರು ಮುನ್ನೂರೈವತ್ತು ವರ್ಷಗಳ ಬಳಿಕ ಲಾರಿ ಸ್ಪೀಗಲ್ ಎಂಬ ಸಂಗೀತಗಾರ್ತಿ ಬೆಲ್ ಪ್ರಯೋಗಶಾಲೆಯ ಕಂಪ್ಯೂಟರಿಗೆ ಆ ಲೆಕ್ಕವನ್ನು ಒಪ್ಪಿಸಿ ನುಡಿಸಿದರು. ಬುಧ ಎತ್ತರದ ಶ್ರುತಿಯಲ್ಲಿ ಅವಸರದಿಂದ ಏರಿ ಇಳಿಯುತ್ತಾನೆ. ಗುರು ತಳದಲ್ಲಿ ಗುಂಯ್‌ಗುಡುತ್ತಾನೆ. ಎಲ್ಲವೂ ಒಟ್ಟಿಗೆ, ಎಡೆಬಿಡದೆ, ಜಾರುತ್ತಿರುತ್ತವೆ. ಮೆಟಾಸ್ಟಾಸಿಸನ್ನು ಕೇಳಿದ ಕಿವಿಗೆ ಇದು ಅದರ ದಾಯಾದಿಯೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆ ನೌಕೆಗಳಲ್ಲಿ ಒಂದು ಈಗ ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ.

ಕುತೂಹಲ ಹುಟ್ಟಿದ ಓದುಗರಲ್ಲಿ ಒಂದು ವಿನಂತಿ. ಮಂಟಪವನ್ನು ಈಗ ಛಾಯಾಚಿತ್ರಗಳಲ್ಲಿ ಮಾತ್ರ ನೋಡಲು ಸಾಧ್ಯ. ಸಂಗೀತವಾದರೋ ಎಲ್ಲರ ಕೈಗೆಟಕುವಂತಿದೆ. ಮೊದಲು ಮೂರು ನಿಮಿಷವೂ ಇಲ್ಲದ ಇದ್ದಿಲಿನ ರಚನೆಯನ್ನೂ, ಆಮೇಲೆ ಮೆಟಾಸ್ಟಾಸಿಸನ್ನೂ, ಅದು ಕಿವಿಗೆ ಕೂತ ಬಳಿಕವೇ ವಾರೆಝನ ಎಂಟು ನಿಮಿಷವನ್ನೂ, ಹೆಡ್‌ಫೋನ್ ಹಾಕಿಕೊಂಡು, ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಕೇಳಿರಿ. ಒಟ್ಟು ಇಪ್ಪತ್ತು ನಿಮಿಷ ಸಾಕು. ಮೊದಲ ಸಲಕ್ಕೆ ಇಷ್ಟವಾಗದಿದ್ದರೆ ಚಿಂತೆಯಿಲ್ಲ, ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿರಿ. ಆಗಲೂ ಇಷ್ಟವಾಗದಿದ್ದರೆ ಇದು ನಿಮ್ಮ ಸಂಗೀತವಲ್ಲವೆಂದು ನಿಸ್ಸಂಕೋಚವಾಗಿ ಬಿಟ್ಟುಬಿಡಬಹುದು.