ಕಪ್ಪಿನ ಕಿವಿ ಹಿಡಿಯುವ ವಿದ್ಯೆ

ಅಜ್ಜಿ ಚಹಾದ ಕಪ್ಪನ್ನು ಎರಡೂ ಕೈಗಳಿಂದ ಬಾಚಿ ಹಿಡಿದು ಕುಡಿಯುವ ನೋಟ ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ಅಂಗೈ ಬೆಚ್ಚಗಾಗಲೆಂದು ಹಾಗೆ ಹಿಡಿಯುತ್ತಾರೆ ಎಂದು ಉಳಿದವರು ಭಾವಿಸುತ್ತಾರೆ. ಹಲವು ಸಲ ಕಾರಣವೇ ಬೇರೆ. ಸಂಧಿವಾತದಿಂದ ಗೆಣ್ಣು ಊದಿದ ಬೆರಳು ಆ ಪುಟ್ಟ ಹಿಡಿಯೊಳಗೆ ತೂರುವುದಿಲ್ಲ. ತೂರಿದರೂ ತುಂಬಿದ ಕಪ್ಪು ಮುಂದಕ್ಕೆ ವಾಲುತ್ತದೆ. ಕುದಿಯುವ ಚಹಾ ಮಡಿಲಿಗೆ ಚೆಲ್ಲಿದರೆ ಗತಿಯೇನು?

ಕಪ್ಪಿಗೆ ಹಿಡಿ ಇರಲೇಬೇಕೆಂಬ ಕಾನೂನೇನೂ ಇಲ್ಲ. ಚೀನಾ, ಜಪಾನ್‌ಗಳಲ್ಲಿ ಚಹಾ ಕುಡಿಯುವುದು ಇಂದಿಗೂ ಬಹುಪಾಲು ಹಿಡಿಯಿಲ್ಲದ ಬಟ್ಟಲುಗಳಲ್ಲೇ. ನಮ್ಮ ಫಿಲ್ಟರ್ ಕಾಫಿಯ ಲೋಟಕ್ಕಾದರೂ ಹಿಡಿ ಎಲ್ಲಿದೆ? ಅಂಚಿನಲ್ಲಿ ಹಿಡಿಯುತ್ತೇವೆ, ಬಟ್ಟಲಿಗೆ ಸುರಿದು ಆರಿಸುತ್ತೇವೆ. ಚೀನಾದಿಂದ ಬಟ್ಟಲು ತರಿಸಿಕೊಂಡ ಯೂರೋಪಿನವರು 18ನೇ ಶತಮಾನದಲ್ಲಿ ಅದಕ್ಕೆ ಹಿಡಿ ಅಂಟಿಸುವ ರೂಢಿ ಬೆಳೆಸಿದರು. ಬೆರಳು ಸುಡುವುದೇನೋ ತಪ್ಪಿತು, ಆದರೆ ತೂಕದ ಸಮಸ್ಯೆ ಹುಟ್ಟಿಕೊಂಡಿತು.

ವಿಜ್ಞಾನದ ತರಗತಿಯಲ್ಲಿ ಓದಿದ ಸನ್ನೆಯ ತತ್ವವನ್ನು ನೆನಪಿಸಿಕೊಳ್ಳಿ. ಕಪ್ಪು 350 ಗ್ರಾಂ, ಚಹಾ 200 ಗ್ರಾಂ, ಒಟ್ಟು 550 ಗ್ರಾಂ ಎಂದಿಟ್ಟುಕೊಳ್ಳೋಣ. ಇದರ ಗುರುತ್ವ ಕೇಂದ್ರ ಕಪ್ಪಿನ ನಟ್ಟನಡುವೆ ಇದೆ. ಬೆರಳು ಅಲ್ಲಿಂದ 6 ಸೆಂಟಿಮೀಟರ್ ದೂರದಲ್ಲಿದೆ. ಎರಡನ್ನೂ ಗುಣಿಸಿದರೆ 3300. ಕಪ್ಪು ವಾಲದಂತೆ ತಡೆಯಲು ಹೆಬ್ಬೆರಳು ಹಿಡಿಯ ಮೇಲ್ಭಾಗವನ್ನೂ ಕೆಳಗಿನ ಬೆರಳು ಅದರ ತಳಭಾಗವನ್ನೂ ಒತ್ತಬೇಕು. ಇವೆರಡರ ನಡುವೆ 5 ಸೆಂಟಿಮೀಟರ್ ಅಂತರವಿದ್ದರೆ ಸುಮಾರು 660 ಗ್ರಾಂ ಒತ್ತಡ ಸಾಕು. ಹಿಡಿ ಗಿಡ್ಡವಾಗಿ ಅಂತರ 3 ಸೆಂಟಿಮೀಟರಿಗೆ ಇಳಿಯಿತೋ, 1100 ಗ್ರಾಂ ಬೇಕು! ನೋಡಲು ಮುದ್ದಾದ ಪುಟಾಣಿ ಹಿಡಿ ಕೈ ನೋಯಿಸುವುದು ಇದಕ್ಕೇ. ಹಿಡಿ ಹೊರಕ್ಕೆ ಚಾಚಿದಷ್ಟೂ ಕೈಗೆ ಭಾರ ಹೆಚ್ಚು. ತೀರಾ ಒಳಕ್ಕೆ ಸರಿದರೆ ಗೆಣ್ಣು ಬಿಸಿ ಗೋಡೆಗೆ ತಾಗುತ್ತದೆ. ಇವೆರಡರ ನಡುವಿನ ಜಾಗ ಕೆಲವೇ ಮಿಲಿಮೀಟರಿನದು. ಜಾಣ್ಮೆಯೆಲ್ಲ ಬೇಕಾಗುವುದು ಅಲ್ಲೇ.

ಕೈಯಿಂದ ಹಿಡಿ ಮಾಡುವ ಹಳೆಯ ಕ್ರಮ 'ಎಳೆಯುವುದು'. ಇಂಗ್ಲೆಂಡಿನ ಹಳ್ಳಿಯ ಕುಂಬಾರರು ಹೂಜಿಗಳಿಗೆ ಹೀಗೆ ಹಿಡಿ ಮಾಡುತ್ತಿದ್ದರು. 1920ರಲ್ಲಿ ಜಪಾನಿನ ಶೋಜಿ ಹಮಾದಾ ಜೊತೆಗೂಡಿ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆ ಆರಂಭಿಸಿದ ಬರ್ನಾರ್ಡ್ ಲೀಚ್ ಈ ಕ್ರಮಕ್ಕೆ ಮತ್ತೆ ಮನ್ನಣೆ ತಂದವರಲ್ಲಿ ಒಬ್ಬರು. ಎಡಗೈಯಲ್ಲಿ ಮಣ್ಣಿನ ಮುದ್ದೆ ಹಿಡಿದು, ಒದ್ದೆ ಬಲಗೈಯಿಂದ ಹಸುವಿನ ಹಾಲು ಕರೆದಂತೆ ಮೇಲಿನಿಂದ ಕೆಳಕ್ಕೆ ಸವರಬೇಕು. ಮಣ್ಣು ಉದ್ದವಾಗುತ್ತ, ತುದಿಯತ್ತ ತೆಳುವಾಗುತ್ತ ಇಳಿಯುತ್ತದೆ. ದಪ್ಪ ತುದಿ ಕಪ್ಪಿನ ಮೇಲ್ಭಾಗಕ್ಕೆ, ತೆಳು ತುದಿ ಕೆಳಭಾಗಕ್ಕೆ. ಹೆಬ್ಬೆರಳು ಕೂರಲು ಮೇಲೆ ಸ್ವಲ್ಪ ಚಪ್ಪಟೆ ಇರಲಿ, ಅಂಚುಗಳು ದುಂಡಗಿರಲಿ. ಅಂಚು ಚೂಪಾದರೆ ಬೆರಳಿಗೆ ಒತ್ತುತ್ತದೆ.

ಅಂಟಿಸುವ ಹೊತ್ತು ಬಹಳ ಮುಖ್ಯ. ಕಪ್ಪು ಅರ್ಧ ಒಣಗಿರಬೇಕು. ಉಗುರು ಒತ್ತಿದರೆ ಗುರುತು ಬೀಳಬೇಕು, ಆಕಾರ ಕೆಡಬಾರದು. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣನ್ನು ಗಂಜಿಯಂತೆ ಕದಡಿ ಬಳಿದು ಒತ್ತಬೇಕು. ಒಣಗಿದ ಕಪ್ಪಿಗೆ ಹಸಿ ಹಿಡಿ ಅಂಟಿಸಿದರೆ ಎರಡೂ ಕುಗ್ಗುವ ಪ್ರಮಾಣ ಬೇರೆಯಾಗಿ ಬೆಸುಗೆಯಲ್ಲೇ ಬಿರುಕು. ಅನೇಕ ಬಗೆಯ ಮಣ್ಣು ಒಣಗಿ ಸುಡುವಷ್ಟರಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ಕುಗ್ಗುತ್ತದೆ. ಹಸಿಯಲ್ಲಿ 2.8 ಸೆಂಟಿಮೀಟರ್ ಇದ್ದ ಬೆರಳಿನ ಸಂದು ಒಲೆಯಿಂದ ಹೊರಬರುವಾಗ ಸುಮಾರು 2.5. ಅಜ್ಜಿಯ ಬೆರಳಿಗೆಂದು ಮಾಡುವವರು ಈ ಲೆಕ್ಕವನ್ನು ಮೊದಲೇ ಹಾಕಿರಬೇಕು.

ಇದನ್ನು ಕಲಿಯಲು ವಿದೇಶಕ್ಕೇನೂ ಹೋಗಬೇಕಿಲ್ಲ. ಪಾಂಡಿಚೇರಿಯಲ್ಲಿ 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಸ್ಥಾಪಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ತರಬೇತಾದ ಅನೇಕರು ದೇಶದ ಹಲವೆಡೆ ಸ್ವಂತ ಕಾರ್ಯಾಗಾರ ತೆರೆದಿದ್ದಾರೆ. ಮಗ ಅಥವಾ ಮಗಳು ಮಣ್ಣಿಗೆ ಕೈಹಾಕಿದರೆ ಪಾಲಕರು ಖರ್ಚಿನ ಚಿಂತೆ ಮಾಡಬೇಕಿಲ್ಲ. ಮೊದಲ ದಿನ ಎಳೆದ ಇಪ್ಪತ್ತು ಹಿಡಿಗಳಲ್ಲಿ ಹದಿನೆಂಟು ಸೊಟ್ಟಗಾದರೂ ನಷ್ಟವಿಲ್ಲ. ಸುಡದ ಮಣ್ಣನ್ನು ಪೂರ್ತಿ ಒಣಗಿಸಿ ನೀರಿಗೆ ಹಾಕಿದರೆ ಕರಗಿ ಕೆಸರಾಗುತ್ತದೆ. ನೀರು ಆರಿಸಿ ಚೆನ್ನಾಗಿ ನಾದಿದರೆ ಮತ್ತೆ ಇಪ್ಪತ್ತು ಹಿಡಿ ಎಳೆಯಬಹುದು.